ಅಟ್ಟ ಹೊತ್ತ ಚಾನಲ್

ಅಳಿಯ ತನ್ನ ಪ್ರೆಸ್ಸಿನಲ್ಲಿ ಹೊಸ ಅಟ್ಟ ಕಟ್ಟಿಸಿದ್ದೇನೆ, ಬಂದು ನೋಡಿ ಎಂದಾಗ ಕಬ್ಬಿಣದಮ್ಮ ಖುಷಿಯಿಂದಲೇ ಬಂದಿದ್ದಳು. ಅರ್ಧ ಆಯುಸ್ಸು ಉಕ್ಕಿನ ಗೋದಾಮಿನಲ್ಲಿ ಚಾನಲ್‌ಗಳನ್ನು, ಅಂದರೆ ಭಾರ ಹೊರುವ ಉಕ್ಕಿನ ತೊಲೆಗಳನ್ನು, ಬಗೆಬಗೆಯಾಗಿ ವಿಂಗಡಿಸಿ ಜೋಡಿಸಿದವಳು. ಹೆಸರೂ ಅಲ್ಲಿಂದಲೇ ಅಂಟಿಕೊಂಡಿತ್ತು. ಬಂದವಳು ಸುಮ್ಮನೆ ಚಹಾ ಕುಡಿದು ಹೋಗಬಾರದಿತ್ತೇ? ಕೈ ಕೇಳಬೇಕಲ್ಲ! ಸ್ಟೂಲು ಹತ್ತಿ, ಅಟ್ಟ ಹೊತ್ತ ಚಾನಲ್ಲಿನ ಅಂಚನ್ನು ಸವರಿಯೇಬಿಟ್ಟಳು.

ಸವರಿದ ಕೈ ಅಲ್ಲೇ ನಿಂತಿತು. ಕೆಂಡದಂಥ ಉಕ್ಕನ್ನು ರೋಲರಿಗೆ ಕೊಟ್ಟು ಮಾಡಿದ ಗಟ್ಟಿ ಚಾನಲ್ಲಿನ ಹೊರಮೂಲೆ ಚೂಪಾಗಿರುತ್ತದೆ. ಅದರ ಬದಿಗೆ ಚಾಚಿದ ರೆಕ್ಕೆ ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತ ತೆಳು. ಇದರ ಮೂಲೆ ದುಂಡಗಿತ್ತು. ಬುಡದಿಂದ ತುದಿಯವರೆಗೂ ಒಂದೇ ದಪ್ಪ, ಅದೂ ಬೈಂಡಿಂಗ್ ರಟ್ಟಿನಷ್ಟು. ಮಡಚಿದ ತಗಡು! ಶೆಡ್ಡಿನ ಚಾವಣಿಗೆ ಸಾಕು, ಕಾಗದದ ರೀಮುಗಳಿಗಲ್ಲ. ಕೆಂಪು ಬಣ್ಣ ಬಳಿದರೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ, ಹಾಳಾದ್ದು.

ಅಟ್ಟದ ಮೇಲೆ ಆಗಲೇ ರೀಮುಗಳು ಆಳೆತ್ತರ ನಿಂತಿದ್ದವು. ಅದರ ನೇರ ಕೆಳಗೆ ಬೈಂಡಿಂಗ್ ಮೇಜು. ದಿನವಿಡೀ ಅಲ್ಲಿ ಕೂರುವವಳು ಮಗಳು. ಪಕ್ಕದ ಚಾಪೆಯ ಮೇಲೆ ಮಲಗುವುದು ಮೊಮ್ಮಗಳು. ಕಬ್ಬಿಣದಮ್ಮ ಸ್ಟೂಲಿನಿಂದ ಇಳಿದಳು.

ಹೇಳೋಣವೆಂದರೆ ಅಳಿಯನಿಗೆ ಮೂಗಿನ ತುದಿಯಲ್ಲೇ ಕೋಪ. ಹಿಂದೊಮ್ಮೆ ಗೇಟಿನ ವೆಲ್ಡಿಂಗ್ ಸರಿಯಿಲ್ಲ ಎಂದಿದ್ದಕ್ಕೆ ಮಗಳ ಜೊತೆ ಮಾತು ಬಿಟ್ಟಿದ್ದ. ಹೇಳದಿದ್ದರೆ? ಅವನನ್ನು ಪಕ್ಕಕ್ಕೆ ಕರೆದಳು.

"ತಪ್ಪು ತಿಳ್ಕೋಬೇಡಿ ಅಳಿಯಂದ್ರೇ. ಇದು ತಗಡು ಮಡಚಿ ಮಾಡಿದ್ದು. ಇಷ್ಟು ಭಾರ ತಡೆಯಲ್ಲ. ಮೇಲಿರೋದೆಲ್ಲ ಇಳಿಸಿಬಿಡಿ."

"ಅತ್ತೆ, ನೀವು ಬಂದ್ರೆ ಒಂದಲ್ಲ ಒಂದು ಕೊಂಕು ಇದ್ದೇ ಇರುತ್ತೆ. ಅಂಗಡಿಯವನೇ ಗ್ಯಾರಂಟಿ ಅಂದಿದ್ದಾನೆ."

"ನಿಮ್ಮ ಕಾಲಿಗೆ ಬೀಳ್ತೀನಿ. ಮೂಲೆ ಒಂದ್ಸಲ ಮುಟ್ಟಿ ನೋಡಿ."

ಅವನು ಮುಟ್ಟಲಿಲ್ಲ. ನೋಡಲು ಬಂದಿದ್ದ ನೆಂಟರತ್ತ ತಿರುಗಿ ಚಪ್ಪಾಳೆ ತಟ್ಟಿದ. "ಬನ್ನಿ, ಎಲ್ಲಾರೂ ಮೇಲೆ ಬನ್ನಿ! ನಮ್ಮತ್ತೆಗೆ ಅಟ್ಟದ ಮೇಲೆ ಅನುಮಾನವಂತೆ. ತೀರಿಸೇಬಿಡೋಣ!"

ಅಳಿಯ, ಅವನ ಅಣ್ಣ, ಅತ್ತಿಗೆ, ಮೆಷಿನ್ನಿನವನು, ಎಲ್ಲರೂ ದಬದಬನೆ ಏಣಿ ಹತ್ತಿದರು. ಮಗಳು ಅಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಮಗುವನ್ನು ಎತ್ತಿಕೊಂಡಳು.

"ನೀನು ಬೇಡ ಕಣೇ," ಎಂದು ಕಬ್ಬಿಣದಮ್ಮ ಅವಳ ತೋಳು ಹಿಡಿದಳು.

"ಹೋಗದಿದ್ರೆ ಆಮೇಲೆ ಅನ್ನಿಸ್ಕೊಳ್ಳೋಳು ನಾನು ಅಮ್ಮ," ಎಂದು ಮಗಳು ಮೆಲ್ಲಗೆ ತೋಳು ಬಿಡಿಸಿಕೊಂಡು ಹತ್ತಿದಳು.

ಮೇಲೆ ಅಳಿಯ ಕಾಲು ಕುಟ್ಟಿದ. "ಏನಾಯ್ತು ಅತ್ತೆ? ಬಿತ್ತಾ?" ಎಲ್ಲರೂ ನಕ್ಕರು, ತಾವೂ ಕುಟ್ಟಿದರು. ಬಣ್ಣದ ಚಕ್ಕೆಯೊಂದು ಕಬ್ಬಿಣದಮ್ಮನ ಹಣೆಗೆ ಉದುರಿತು. ಚಾನಲ್ಲಿನ ನಡು ತುಸುವೇ ಪಕ್ಕಕ್ಕೆ ತಿರುಚಿಕೊಂಡದ್ದು ಅವಳೊಬ್ಬಳಿಗೇ ಕಂಡಿತು.

ಕಿರುಚಿದರೆ ಎಲ್ಲರೂ ಒಮ್ಮೆಲೇ ಏಣಿಯತ್ತ ನುಗ್ಗುತ್ತಾರೆ, ಅಟ್ಟ ಕುಸಿಯಲು ಅಷ್ಟೇ ಸಾಕು. ಹತ್ತಿ ಹೋಗಿ ಮಗುವನ್ನಾದರೂ ಎತ್ತಿ ತರೋಣವೆಂದರೆ ತನ್ನದೂ ಒಂದು ಭಾರ. ಅಯ್ಯೋ, ಜೀವಮಾನವೆಲ್ಲ ಕಲಿತ ಕಸುಬು ಬಂದದ್ದು ಇದನ್ನು ನಿಂತು ನೋಡುವುದಕ್ಕೇ? ಅವಳು ಸ್ಟೂಲು ಹತ್ತಿ ಎರಡೂ ಅಂಗೈಗಳನ್ನು ಚಾನಲ್ಲಿಗೆ ಒತ್ತಿ ನಿಂತಳು.

"ಅಜ್ಜೀ, ನೀನೂ ಬಾ!" ಮೇಲಿಂದ ಮೊಮ್ಮಗಳು ಕರೆದಳು.

"ಬೇಡ ಬಂಗಾರ, ಅಲ್ಲಾಡಬೇಡ," ಎಂದಳು ಆದಷ್ಟು ಮೆಲ್ಲಗೆ. "ಅಜ್ಜಿ ಸೋತಳಂತೆ ಅಂತ ಅಪ್ಪಂಗೆ ಹೇಳು. ಒಬ್ಬೊಬ್ರೇ ಇಳೀಬೇಕಂತೆ ಅಂತ ಹೇಳು."

ಮಗು ಹೇಳಿತು. ಎಲ್ಲರೂ ಗೊಳ್ಳೆಂದು ನಕ್ಕರು, ಗೆದ್ದ ಖುಷಿಗೆ ಇನ್ನೊಮ್ಮೆ ಕುಟ್ಟಿದರು. ಯಾರೂ ಇಳಿಯಲಿಲ್ಲ. ಅವಳ ಅಂಗೈಯೊಳಗೆ ಆ ದುಂಡು ಮೂಲೆ ಇನ್ನೂ ಒಂದು ಕೂದಲೆಳೆ ತಿರುಗಿತು.