ಜಪ್ಪಯ್ಯ ಎಂದರೂ ಬೀಳದ ಗೇರು

ಗೇರ್‌ಬಾಕ್ಸ್ ಹೋಗಿದೆ ಎಂದು ರಿಪೇರಿಯ ಮೀಸೆ ಮೇಸ್ತ್ರಿ ತೀರ್ಪು ಕೊಟ್ಟದ್ದು ಬೈಕಿನಿಂದ ಇಳಿಯದೆಯೇ. ನಾನು ಟ್ರ್ಯಾಕ್ಟರಿನ ಕ್ಲಚ್ ತುಳಿದು ಎರಡನೇ ಗೇರು ಹಾಕಲು ಹೋದೆ. ಅದು ಕರಕರ ಹಲ್ಲು ಕಡಿಯಿತು. ಅಷ್ಟು ಕೇಳಿಸಿಕೊಂಡು, "ಗುಜರಿಗೆ ಹಾಕಿ" ಎಂದು ಅಣ್ಣನಿಗೆ ಹೇಳಿ ಮೇಸ್ತ್ರಿ ಹೊರಟೇಬಿಟ್ಟ.

ಅಣ್ಣನಿಗೂ ಅದೇ ಬೇಕಿತ್ತು. "ಹೆಂಗಸರ ಕೈಗೆ ಗಾಡಿ ಕೊಟ್ರೆ ಇನ್ನೇನಾಗತ್ತೆ? ನಾಳೆ ಮಧ್ಯಾಹ್ನ ಗುಜರಿಯವನು ಲಾರಿ ತರ್ತಾನೆ. ನೀನು ಇನ್ಮೇಲೆ ಆರಾಮಾಗಿ ಮನೇಲಿರು" ಎಂದ.

ಆರಾಮವಂತೆ! ಅಪ್ಪ ಸೊಂಟ ಮುರಿದುಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ನಮ್ಮ ಹೊಲವಷ್ಟೇ ಅಲ್ಲ, ಸುತ್ತಲಿನ ಇಪ್ಪತ್ತು ಮನೆಗಳ ಹೊಲ ಉತ್ತವಳು ನಾನು. ಆ ಸೀಟಿನ ಮೇಲೆ ಕೂತಾಗ ಮಾತ್ರ ಯಾರೂ ನನ್ನನ್ನು ಅವನ ತಂಗಿ, ಇವರ ಮಗಳು ಎನ್ನುವುದಿಲ್ಲ, 'ಡ್ರೈವರಮ್ಮ' ಎನ್ನುತ್ತಾರೆ. ಗಾಡಿ ಹೋದರೆ ಆ ಹೆಸರೂ ಹೋಗುತ್ತದೆ. ಸುಮ್ಮನೆ ಬಿಟ್ಟುಕೊಡಲು ನನಗೇನು ಹುಚ್ಚೆ?

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು ಸೀಟು ಹತ್ತಿದೆ. ಎಂಜಿನ್ ಶುರು ಮಾಡದೆ ಗೇರು ಹಾಕಿ ನೋಡಿದೆ. ಒಂದು, ಎರಡು, ಮೂರು, ರಿವರ್ಸ್, ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿದ್ದವು. ಎಂಜಿನ್ ಶುರು ಮಾಡಿದೆ. ಜಪ್ಪಯ್ಯ ಎಂದರೂ ಒಂದೂ ಬೀಳಲಿಲ್ಲ. ಗೇರ್‌ಬಾಕ್ಸ್ ಕೆಟ್ಟಿದ್ದರೆ ಎರಡೂ ಸಲ ರಗಳೆ ಮಾಡಬೇಕಿತ್ತಲ್ಲ! ಪಾಪ, ಗೇರಿನದೇನೂ ತಪ್ಪಿಲ್ಲ. ಕ್ಲಚ್ ತುಳಿದರೂ ಅದು ಎಂಜಿನ್ನನ್ನು ಪೂರ್ತಿ ಬಿಡುತ್ತಿಲ್ಲ, ಒಳಗೆ ಗೇರಿನ ಹಲ್ಲುಗಳು ತಿರುಗುತ್ತಲೇ ಇವೆ.

ಎಂಜಿನ್ ಆರಿಸಿ ಗಾಡಿಯ ಕೆಳಗೆ ತೂರಿದೆ. ಪೆಡಲಿನಿಂದ ಕ್ಲಚ್ಚಿಗೆ ಹೋಗುವ ರಾಡು, ಪಿನ್ನು ಎಲ್ಲ ನೆಟ್ಟಗಿದ್ದವು. ಮೇಲೆ ಬಂದು ಕೈಯಿಂದಲೇ ಪೆಡಲ್ ಒತ್ತಿ, ಅದು ಎಲ್ಲಿ ನಿಲ್ಲುತ್ತದೆಂದು ಬಗ್ಗಿ ನೋಡಿದೆ. ಕೆಳಗೆ ಹಾಸಿದ್ದ ರಬ್ಬರಿಗೆ ತಾಗಿ ನಿಂತಿತು.

ಹೋದ ತಿಂಗಳು ನಾನು ಜ್ವರ ಬಂದು ಮಲಗಿದಾಗ ಅಣ್ಣ ನಾಲ್ಕು ದಿನ ಗಾಡಿ ಓಡಿಸಿದ್ದ. ಅವನದು ಹೂವಿನಂಥ ಪಾದ. ಕಾಲಡಿಯ ತಗಡು ಸುಡುತ್ತದೆ ಎಂದು ಹಳೇ ಟೈರು ಕತ್ತರಿಸಿ, ಎರಡು ಪದರ ಮಾಡಿ, ಪೆಡಲ್ ಕೆಳಗೆಲ್ಲ ಹಾಸಿ ಸ್ಕ್ರೂ ಹೊಡೆದಿದ್ದ. ಕರಕರ ಶುರುವಾದದ್ದೂ ಆಗಲೇ. ಅವನೊಬ್ಬನನ್ನೇ ಬೈಯುವಂತೆಯೂ ಇಲ್ಲ. ಜ್ವರ ಬಿಟ್ಟ ಮೇಲೆ ಆ ರಬ್ಬರಿನ ಮೇಲೆ ಕಾಲಿಟ್ಟು 'ಆಹಾ' ಎಂದವಳು ನಾನೇ. ನನ್ನ ಮೇಲೆ ನನಗೇ ಕೆಂಡದಂಥ ಕೋಪ ಬಂತು.

ಆರು ಸ್ಕ್ರೂ ಬಿಚ್ಚಿ ರಬ್ಬರನ್ನು ಮೂಲೆಗೆ ಎಸೆದೆ. ಪೆಡಲ್ ಎರಡು ಬೆರಳಷ್ಟು ಹೆಚ್ಚು ಇಳಿಯಿತು. ಎಂಜಿನ್ ಶುರು ಮಾಡಿ ನೋಡಿದೆ, ಆದರೂ ಗೇರು ಸಣ್ಣಗೆ ಗೊಣಗಿತು. ರಾಡಿನ ನಟ್ಟನ್ನು ಒಂದೂವರೆ ಸುತ್ತು ಬಿಗಿ ಮಾಡಿದೆ. ಈಗ ಎರಡನೇ ಗೇರು ಚಕಾರವೆತ್ತದೆ ಬಿತ್ತು.

ಲಾರಿ ಬಂದು ನಿಲ್ಲುವುದಕ್ಕೂ ನಾನು ಶೆಡ್ಡಿನಿಂದ ಗಾಡಿ ಹೊರತರುವುದಕ್ಕೂ ಸರಿಹೋಯಿತು. ಅಂಗಳದಲ್ಲಿ ಒಂದು ಸುತ್ತು ಹೊಡೆದು, ಗೇರು ಬದಲಿಸಿ, ರಿವರ್ಸ್ ಬಂದು ನಿಲ್ಲಿಸಿದೆ.

"ಇದ್ಯಾಕ್ರೀ ಗುಜರಿಗೆ? ನನ್ನ ಲಾರಿಗಿಂತ ಚೆನ್ನಾಗಿದೆ" ಎಂದು ಗುಜರಿಯವನು ನಕ್ಕು ಲಾರಿ ತಿರುಗಿಸಿದ.

ಏನಾಗಿತ್ತೆಂದು ಅಣ್ಣನಿಗೆ ಹೇಳಿದೆ. ಅವನ ಮುಖ ಸಣ್ಣಗಾಯಿತು. ಆದರೂ, "ಸರಿ, ಇಳಿ. ರಿಪೇರಿ ಆಯ್ತಲ್ಲ, ಇನ್ಮೇಲೆ ನಾನೇ ಓಡಿಸ್ತೀನಿ" ಎಂದು ಹತ್ತಲು ಬಂದ.

ಅವನ ಹೊಟ್ಟೆ ಉರಿಸಿದ್ದು ಗೇರಲ್ಲ, ನಾನು ಆ ಸೀಟಿನ ಮೇಲಿದ್ದದ್ದು ಎಂದು ಆಗ ತಿಳಿಯಿತು.

"ಇಳಿಯಲ್ಲಣ್ಣ."

"ಏನಂದೆ?"

"ಇಳಿಯಲ್ಲ ಅಂದೆ. ಆಚೆ ಮನೆ ಅಕ್ಕ ಹೊಲದಲ್ಲಿ ಕಾಯ್ತಿದಾರೆ. ದಾರಿ ಬಿಡು."

ಅಣ್ಣನಿಗೆ ಎದುರಾಡಿದ್ದು ಅದೇ ಮೊದಲು. ಅವನು ಮಡ್‌ಗಾರ್ಡ್ ಹಿಡಿದು ನಿಂತೇ ಇದ್ದ. ನಾನು ಮೆಲ್ಲಗೆ ಕ್ಲಚ್ ಬಿಟ್ಟೆ. ಗಾಡಿ ಹೊರಟಿತು. ಅವನೇ ಕೈ ತೆಗೆದ.