ಎಕ್ಸ್‌ರೇಲಿ ಏನೂ ಇಲ್ಲ

ಮಳವಳ್ಳಿಯ ಹಾಸ್ಟೆಲಿಗೆ ಸೇರಿ ತಿಂಗಳುಗಳೇ ಕಳೆದಿದ್ದರೂ ಪ್ರಿಯಾಂಕಳಿಗೆ ಜೊತೆ ಅಂತ ಯಾರೂ ಆಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳವ್ವ ವನಜಾ ಹಲಗೂರು ಕಡೆಯ ಊರು ಬಿಟ್ಟು ಮದ್ದೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದಳು. ಮಗಳನ್ನು ಆರನೇ ಕ್ಲಾಸಿಗೆ ಇಲ್ಲಿ ಬಿಟ್ಟಿದ್ದಳು. ಹೊಸದರಲ್ಲಿ ಒಂದು ಸಂಜೆ ಪ್ರಿಯಾಂಕ ಯಾರಿಗೂ ಹೇಳದೆ ಹೋಗಿ ಮದ್ದೂರಿನ ಬಸ್ಸು ಹತ್ತಿ ಕೂತಿದ್ದಳು. ಕಂಡಕ್ಟರು ವಾಪಸು ತಂದು ಬಿಟ್ಟಿದ್ದ. ಆವತ್ತಿನಿಂದ ವಾರ್ಡನ್ ಮೇಡಂಗೆ ಅವಳ ಮೇಲೆ ನಂಬಿಕೆ ಹೋಗಿತ್ತು.

ಒಂದು ದಿನ ಖೋಖೋ ಆಡುವಾಗ ಬಲಗಾಲು ಹೊರಳಿ ಅವಳು ಬಿದ್ದಳು. ಮೇಡಂ ಕಲ್ಲು ಮನಸ್ಸಿನವರಲ್ಲ; ತಾವೇ ಆಟೋದಲ್ಲಿ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೆ ಎಂದು ಅಲ್ಲಿಯ ಡಾಕ್ಟರು ಬಟ್ಟೆಪಟ್ಟಿ ಸುತ್ತಿ ಕಳಿಸಿದರು. ವಾರ ಕಳೆದರೂ ಪ್ರಿಯಾಂಕಳಿಗೆ ಪಾದ ಊರಲಾಗಲಿಲ್ಲ.

"ಎಕ್ಸ್‌ರೇಲಿ ಏನೂ ಇಲ್ಲವಲ್ಲಮ್ಮ. ಮನೆಗೆ ಹೋಗೋಕೆ ಇನ್ನೂ ಎಷ್ಟು ದಿನ ಹೀಗೆ ಕುಂಟ್ತೀಯ?" ಎಂದರು ಮೇಡಂ. ಊಟಕ್ಕೆ ಕೂತಿದ್ದ ಎಲ್ಲರಿಗೂ ಅದು ಕೇಳಿಸಿತು. ಮಾರನೆಯ ದಿನದಿಂದ ಹುಡುಗಿಯರು ಅವಳ ಹಿಂದೆ ಕುಂಟಿಕೊಂಡು ಬರತೊಡಗಿದರು.

ಫೋನಿನಲ್ಲಿ ಅವ್ವನಿಗೆ ಹೇಳಿದಳು. "ದಿಟವಾಗ್ಲೂ ನೋಯ್ತದೆ ಕಣವ್ವ."

"ಏನೂ ಆಗಿಲ್ಲ ಅಂದವ್ರಂತಲ್ಲ ಮಗ. ನಂಗೂ ಇಲ್ಲಿ ರಜ ಕೊಡಾಕಿಲ್ಲ. ಒಸಿ ಗಟ್ಟಿಯಾಗಿರು."

ಆಮೇಲೆ ಪ್ರಿಯಾಂಕ ಕಾಲಿನ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ. ತನಗೇ ಅನುಮಾನ ಹುಟ್ಟಿತು, ನಿಜವಾಗಿಯೂ ಸುಳ್ಳು ಹೇಳುತ್ತಿದ್ದೇನಾ ಅಂತ. ಯಾರೂ ಇಲ್ಲದಾಗ ಪಾದ ಊರಿ ನೋಡುವಳು. ಕಣ್ಣಲ್ಲಿ ನೀರು ಬಂದಾಗ ಒಂಥರಾ ಸಮಾಧಾನವಾಗುತ್ತಿತ್ತು.

ಒಂದು ಶನಿವಾರ ಹಿತ್ತಲಲ್ಲಿ ಬಟ್ಟೆ ಒಗೆದು, ಬಕೆಟ್ಟನ್ನು ಮುಂದಕ್ಕೆ ದೂಡುತ್ತಾ ಕೂತಲ್ಲೇ ತೆವಳಿಕೊಂಡು ಬರುತ್ತಿದ್ದಳು. ತಲೆ ಎತ್ತಿದರೆ, ಹೇಗೋ ರಜ ಪಡೆದು ಬಂದಿದ್ದ ಅವ್ವ ಬಾಗಿಲಲ್ಲಿ ನಿಂತಿದ್ದಳು. ವನಜಾ ಕೈಚೀಲ ಕೆಳಗಿಟ್ಟು, ಬೆನ್ನು ಬಾಗಿಸಿ, "ಹತ್ತು" ಎಂದಳು.

ಅಲ್ಲಿಂದ ನೇರ ಮಂಡ್ಯಕ್ಕೆ ಹೋದರು. ಮೂಳೆ ಡಾಕ್ಟರು ಮಾತಿಗಿಂತ ಮೊದಲು ಬೆರಳಿಟ್ಟರು. ಪಾದದ ಕೀಲಿನ ಹೊರಗಡೆಯ ಗಂಟಿಗಿಂತ ಸ್ವಲ್ಪ ಮೇಲೆ ಒತ್ತಿದ್ದೇ ಪ್ರಿಯಾಂಕ ಅವ್ವನ ಸೆರಗು ಕಚ್ಚಿಕೊಂಡಳು. ಎರಡೂ ಕಾಲಿನ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು.

"ಮಕ್ಕಳ ಮೂಳೆ ಬೆಳೆಯೋ ಜಾಗ ಇದು, ಈ ಕಪ್ಪು ಗೆರೆ. ಇನ್ನೂ ಮೆತ್ತಗಿರುತ್ತೆ. ಪೆಟ್ಟು ಇಲ್ಲೇ ಬಿದ್ದರೆ ಎಷ್ಟೋ ಸಲ ಎಕ್ಸ್‌ರೇಲಿ ಗೊತ್ತಾಗಲ್ಲ. ಇವಳಿಗೆ ಈ ಕಾಲಲ್ಲಿ ಗೆರೆ ಒಂಚೂರು ಅಗಲವಾಗಿದೆ, ನೋಡಿ."

"ಅಂಗಾರೆ ನೋವು ದಿಟವಾ ಸಾರ್?" ವನಜಾ ಕೇಳಿದಳು.

"ನೋವು ಎಲ್ಲಿದೆ ಅಂತ ಮಗು ತೋರಿಸಿತಲ್ಲ, ಅದರಿಂದಲೇ ಗೊತ್ತಾಗಿದ್ದು. ಸಿಮೆಂಟು ಪಟ್ಟು ಹಾಕಿದರೆ ಮೂಳೆ ಕೂಡುತ್ತೆ."

ವನಜಾ ಮಗಳ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು.

ಸಿಮೆಂಟು ಪಟ್ಟು ಹಾಕಿಸಿಕೊಂಡು ಪ್ರಿಯಾಂಕ ಮದ್ದೂರಿಗೆ ಬಂದಳು. ಅದು ಅವ್ವ ಬಾಡಿಗೆಗೆ ಹಿಡಿದಿದ್ದ ಒಂದೇ ಕೋಣೆ. ಬೆಳಿಗ್ಗೆ ಮುದ್ದೆ ಮುಚ್ಚಿಟ್ಟು ಅವ್ವ ಕೆಲಸಕ್ಕೆ ಹೋದರೆ ದಿನವೆಲ್ಲಾ ಗೋಡೆಗಳು ಮಾತ್ರ. ಬರಬೇಕು ಬರಬೇಕು ಅಂತ ಹಂಬಲಿಸಿದ್ದ ಜಾಗ ಇಷ್ಟೊಂದು ಸದ್ದಿಲ್ಲದೆ ಇರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಅವ್ವ ಇಷ್ಟು ದಿನ ಇಲ್ಲಿ ಒಬ್ಬಳೇ ಇದ್ದದ್ದು ಹೇಗೆ ಎಂದು ಮೊದಲ ಸಲ ಯೋಚಿಸಿದಳು.

ಸಂಜೆ ವನಜಾ ಬಂದವಳು ಪಟ್ಟು ಹಾಕಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಗೊರಗಿ, ಹಾಗೇ ನಿದ್ದೆ ಹೋದಳು. ಪ್ರಿಯಾಂಕಳ ಕಾಲು ಜೋಮು ಹಿಡಿಯಿತು. ಅವಳು ಅಲುಗಾಡಿಸಲಿಲ್ಲ.