ಎಂಟರ ಜಾಗ

ಸಿಂದಗಿಯ ಬಿಸಿಲಿಗೆ ಕಾಗೆಗಳೂ ಬಾಯ್ದೆರೆದು ಕೂರುವ ಏಪ್ರಿಲ್‌ನಲ್ಲೂ ನಮ್ಮ ಗಣಿತದ ಇಬ್ರಾಹಿಂಸಾಬ ಮಾಸ್ತರರು ತಮ್ಮ ಕರಿಯ ಕೋಟು ಕಳಚಿದ್ದನ್ನು ನಾನು ಕಂಡವಳಲ್ಲ. ಅದರ ಮೇಲೆ ಅವರಿಗೆಂಥ ವ್ಯಾಮೋಹವೋ, ದೇವರೇ ಬಲ್ಲ: ಗೋಡೆಗೆ ಒರಗುತ್ತಿರಲಿಲ್ಲ, ಕರವಸ್ತ್ರದಿಂದ ಝಾಡಿಸದೆ ಖುರ್ಚಿಯಲ್ಲಿ ಕೂರುತ್ತಿರಲಿಲ್ಲ, ಹಲಗೆಗೆ ಬರೆಯುವ ಖಡುವನ್ನು ಮೈಯಿಂದ ಆದಷ್ಟು ದೂರ ಹಿಡಿದು, ಒಂದು ಹೆಗಲು ಮೇಲೆತ್ತಿ, ಓರೆಯಾಗಿ ನಡೆದು ಬರುತ್ತಿದ್ದರು.

ಎಪ್ಪತ್ತರ ದಶಕದ ನಡುವೆ ಎಂಟನೆಯ ವರ್ಗಕ್ಕೆ ಹೊಸ ಗಣಿತ ಬಂತು. ಒಂದು ಮತ್ತು ಸೊನ್ನೆಗಳಿಂದಲೇ ಸಕಲ ಸಂಖ್ಯೆಗಳನ್ನೂ ಬರೆಯುವ ಆ ವಿದ್ಯೆಯನ್ನು ಮಾಸ್ತರರು ನಮ್ಮ ಮೈಮೇಲೆಯೇ ಕಲಿಸಿದರು. ನಾಲ್ವರು ಹುಡುಗಿಯರನ್ನು ಜಮಖಾನೆಯ ಮೇಲೆ ಸಾಲಾಗಿ ಕೂರಿಸಿ ಎಂಟು, ನಾಲ್ಕು, ಎರಡು, ಒಂದು ಎಂದು ಬೆಲೆ ಕಟ್ಟಿದರು. ಎದ್ದರೆ ಆ ಬೆಲೆ, ಕೂತರೆ ಸೊನ್ನೆ. ನಾನು ನಾಲ್ಕು. ಪಕ್ಕದಲ್ಲಿ ಎಂಟಾಗಿ ಕೂತವಳು ಚನ್ನವ್ವ, ಹಾಜರಿಗೂ ದನಿ ಎತ್ತದವಳು. ಹತ್ತರ ಬದಲು ಹದಿನಾರನ್ನು ಆಧಾರವಾಗಿಟ್ಟ ಲೆಕ್ಕದಲ್ಲಿ ನಮ್ಮ ನಾಲ್ವರ ಮೊತ್ತವನ್ನು ಒಂದೇ ಚಿಹ್ನೆಯಲ್ಲಿ ಬರೆಯಬೇಕು. ಒಂಬತ್ತರಾಚೆ ಅಂಕಿಯಿಲ್ಲದ್ದರಿಂದ ಅವರು ಹತ್ತಕ್ಕೆ ಅ, ಹನ್ನೊಂದಕ್ಕೆ ಆ ಎನ್ನುತ್ತ ಹೋಗುತ್ತಿದ್ದರು. ನಾಲ್ವರೂ ಎದ್ದರೆ ಹದಿನೈದು, ಅಂದರೆ ಊ. ಇಡೀ ವರ್ಗ ‘ಊ’ ಎಂದು ಕೂಗುವಾಗ ಚನ್ನವ್ವ ನಗುತ್ತಿದ್ದಳು. ಅವಳ ನಗು ನಾನು ಕಂಡದ್ದು ಆಗ ಮಾತ್ರ.

ದೀಪಾವಳಿಯ ಸೂಟಿ ಮುಗಿದರೂ ಅವಳು ಬರಲಿಲ್ಲ. ಮಗಳು ದೊಡ್ಡವಳಾದಳು, ಓದಿದ್ದು ಸಾಕು ಎಂದು ಅಪ್ಪ ಖಂಡೆಪ್ಪ ಬಿಡಿಸಿದ್ದ. ಉಳಿದ ಮೂವರು ಎಷ್ಟು ಎದ್ದು ಕೂತರೂ ಲೆಕ್ಕ ಏಳನ್ನು ದಾಟಲಿಲ್ಲ. ಬೇರೊಬ್ಬಳನ್ನು ಕೂರಿಸಿರೆಂದು ನಾವು ಹೇಳಿದರೆ, ಮಾಸ್ತರರು ಆ ಕೋಟಿನ ಸಮೇತ, ಆ ಧೂಳಿನ ಜಮಖಾನೆಯ ಮೇಲೆ ಚನ್ನವ್ವನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

“ನೀವಽ ಎದ್ದು ನಿಲ್ರಿ ಸರ, ಊ ಆಗ್ತೈತಿ” ಎಂದೆ.

“ನಿಲ್ಲೂದು ಆಕೀದು. ನಾ ಜಾಗಾ ಕಾಯಾಕತ್ತೇನಿ.”

ದಿನವೂ ಇದೇ. ಮೊದಮೊದಲು ಕಿಸಿಕಿಸಿ ನಕ್ಕೆವು. ಆಮೇಲೆ ನಗು ಬರಲಿಲ್ಲ, ಸಂಕಟವಾಯಿತು.

ಮಗಳ ಹೆಸರು ತೆಗೆಸಲು ಬಂದ ಖಂಡೆಪ್ಪ ಬಾಗಿಲಲ್ಲೇ ನಿಂತ.

“ಏಳ್ರಿ ಸರ, ನೀವ್ಯಾಕ ನೆಲದ ಮ್ಯಾಲ?”

“ನಿಮ್ಮ ಮಗಳ ಜಾಗಾ ಐತ್ರಿ ಇದು. ಆಕಿ ಬಂದ್ರ ಏಳತೇನಿ. ಆಕಿ ಇಲ್ಲಂದ್ರ ಈ ಮೂವರೂ ಏಳರ ಮ್ಯಾಲ ಹೋಗಂಗಿಲ್ರಿ.”

ಖಂಡೆಪ್ಪ ಟೋಪಿ ಸರಿಮಾಡಿಕೊಂಡು, ಬಂದ ಕೆಲಸ ಹೇಳದೆ ಹಿಂದಿರುಗಿದ. ಸೋಮವಾರ ಚನ್ನವ್ವ ಬಂದಳು. ಮಾಸ್ತರರು ಎದ್ದರು, ಕೋಟನ್ನು ಝಾಡಿಸುವುದನ್ನೂ ಮರೆತು ಹಲಗೆಯ ಮೇಲೆ ಹದಿನೈದು ಬರೆದರು. ನಮ್ಮೆಲ್ಲರಿಗಿಂತ ಮೊದಲು ಎದ್ದವಳು ಚನ್ನವ್ವ.

ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಸಾಲೆಗಳಲ್ಲೂ ಆಗ ಇಂಥವರಿದ್ದರು. ಅವರಿಗೆ ಕೀರ್ತಿಯ ಹಂಬಲವಿರಲಿಲ್ಲ, ವಿಪರೀತ ಹಟವಿತ್ತು. ಮತ್ತೊಬ್ಬರು ಬಂದು ಎದ್ದು ನಿಲ್ಲುವ ತನಕ ಆ ಜಾಗದಲ್ಲಿ ತಾವು ಸೊನ್ನೆಯಾಗಿ ಕೂರಲು ಅವರಿಗೆ ನಾಚಿಕೆಯೆನಿಸುತ್ತಿರಲಿಲ್ಲ.